ರಾಸ್ ಸೀಮೆಯ ಖಾಲಿ ಊರಿನ ಅಳತೆ

ಮೂವತ್ತೊಂದು ವರ್ಷ ಸರಪಳಿ ಎಳೆಸಿ ಹೊಲ ಅಳೆದವನಿಗೆ ‘ಪರದೇಶಕ್ಕೆ ಹೋಗಿ ತರಬೇತಿ ಪಡೆದು ಬಾ’ ಎಂದು ಸರಕಾರದ ಆರ್ಡರು ಬಂದರೆ ಮೊದಲು ಹುಟ್ಟುವುದು ಅನುಮಾನ. ನನ್ನ ಅನುಮಾನ ಸುಳ್ಳಾಗಲಿಲ್ಲ. ಫೆಬ್ರುವರಿ ತಿಂಗಳಲ್ಲಿ ಸ್ಕಾಟ್ಲೆಂಡಿನ ಉತ್ತರದ ತುದಿಗೆ ಹೋಗಲು ಬೆಂಗಳೂರಿನವರು ಯಾರೂ ಒಪ್ಪಿರಲಿಲ್ಲ. ಕಾಗದ ಜಾರುತ್ತ ಜಾರುತ್ತ ಗುಲಬರ್ಗಾಕ್ಕೆ ಬಂದು, ಅಲ್ಲೂ ನಿಲ್ಲದೆ, ಅಫಜಲಪುರ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಕುಳಿತಿದ್ದ ನನ್ನ ಮೇಜಿನ ಮೇಲೆ ಬಿತ್ತು. ಅದು ೧೯೯೬. ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಇನ್ನೆರಡು ವರ್ಷದಲ್ಲಿ ಮನೆಗೆ ಹೋಗುವವನಿಗೆ ಏನು ಕಲಿಸಿ ಏನು ಲಾಭ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ನನ್ನ ಜೊತೆಗೆ ಹೊರಟವನು ಜೇವರ್ಗಿಯ ನಕ್ಷೆಗಾರ ಖಾಜಾಸಾಬ್. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ನಿಜಾಮನ ಕಾಲದ ಉರ್ದು ದಫ್ತರ ಓದಬಲ್ಲವರು ನಮ್ಮ ಕಡೆ ಬೆರಳೆಣಿಕೆಯಷ್ಟು ಉಳಿದಿದ್ದರು, ಅವರಲ್ಲಿ ಇವನೊಬ್ಬ. ಗೆರೆ ಎಳೆಯಲು ಕೂತರೆ ಅವನ ಕೈ ಕಲ್ಲಿನಂತೆ ಸ್ಥಿರ. ಎದೆ ಮಾತ್ರ ಪುಕ್ಕಲು. ಹಾಳು ಬಾವಿಯ ಪಕ್ಕ ಹಾದು ಹೋಗಬೇಕಾದರೆ ಮಟಮಟ ಮಧ್ಯಾಹ್ನದಲ್ಲೂ ನನ್ನ ಅಂಗಿ ಹಿಡಿದುಕೊಂಡು ಬರುವ ಆಸಾಮಿ.

ಇನ್ವರ್ನೆಸ್

ರೈಲು ಇಳಿದಾಗ ಸಂಜೆ ನಾಲ್ಕೂವರೆ. ಆಗಲೇ ಬೀದಿದೀಪ ಹತ್ತಿದ್ದವು. ಗಾಳಿ ಎಂದರೆ ಎಂಥ ಗಾಳಿ! ಕೋಟಿನ ಗುಂಡಿ ಸಂದಿಯಲ್ಲಿ ನುಗ್ಗಿ ಜನಿವಾರವಿಲ್ಲದ ನನ್ನ ಎದೆಯ ಮೇಲಿನ ಲಿಂಗದ ಕರಡಿಗೆಯನ್ನೂ ತಣ್ಣಗೆ ಮಾಡಿತು. ಖಾಜಾಸಾಬ್ ಮಂಕಿ ಕ್ಯಾಪ್ ಹಾಕಿ, ಅದರ ಮೇಲೆ ಮಫ್ಲರು ಸುತ್ತಿ, ಬರೀ ಎರಡು ಕಣ್ಣಾಗಿ ನಿಂತಿದ್ದ.

ನಾವು ಇಳಿದುಕೊಂಡ ಮನೆಯ ಒಡತಿ ನಮ್ಮನ್ನು ನೋಡಿದ ಕೂಡಲೆ ‘ಕ್ಷಮಿಸಿ’ ಅಂದಳು. ಯಾಕೆಂದು ತಿಳಿಯಲಿಲ್ಲ. ಬಾಗಿಲು ತೆಗೆದಳು, ಕ್ಷಮಿಸಿ ಅಂದಳು. ಚಹಾ ಕೊಟ್ಟಳು, ಕ್ಷಮಿಸಿ ಅಂದಳು. ದಣಿವಾರಿಸಿಕೊಳ್ಳಲು ಖಾಜಾಸಾಬ್ ಹಾಸಿಗೆಯೊಳಗೆ ಕಾಲು ಚಾಚಿದವನೇ ‘ಯಾ ಅಲ್ಲಾ’ ಎಂದು ಕಿರುಚಿ ನೆಲಕ್ಕೆ ಹಾರಿದ. ಹೊದಿಕೆಯೊಳಗೆ ಏನೋ ಬೆಚ್ಚಗೆ, ಮೆತ್ತಗೆ, ಹೊಟ್ಟೆ ಆಡಿಸುತ್ತ ಮಲಗಿತ್ತಂತೆ. ಬಿಚ್ಚಿ ನೋಡಿದರೆ ಬಿಸಿನೀರು ತುಂಬಿದ ರಬ್ಬರಿನ ಚೀಲ. ಒಡತಿ ಓಡಿ ಬಂದಳು. ಆ ದಿನ ಆಕೆ ಕ್ಷಮಿಸಿ ಅಂದದ್ದಕ್ಕೆ ಅದೊಂದೇ ಸಲ ಕಾರಣ ಇತ್ತು.

ಡಿಂಗ್ವಾಲ್

ನಮಗೆ ಗೊತ್ತುಮಾಡಿದ್ದ ಕಚೇರಿ ಡಿಂಗ್ವಾಲ್ ಎಂಬ ಸಣ್ಣ ಪೇಟೆಯಲ್ಲಿತ್ತು. ದನದ ಸಂತೆ, ಒಂದು ರೈಲು ನಿಲ್ದಾಣ, ನಾಲ್ಕು ಅಂಗಡಿ. ನಮ್ಮ ಅಫಜಲಪುರದಲ್ಲಿ ಒಂದು ಬಸ್ಸು ಬಂದು ನಿಂತರೆ ಆಗುವಷ್ಟು ಗದ್ದಲ ಇಲ್ಲಿ ವಾರವೆಲ್ಲ ಸೇರಿದರೂ ಆಗುತ್ತಿರಲಿಲ್ಲ.

ನಕಾಶೆಗಳ ಕೋಣೆ ನೋಡಿಕೊಳ್ಳುತ್ತಿದ್ದವಳು ಮೋರಾಗ್. ಅರವತ್ತರ ಹತ್ತಿರದ, ಸಣ್ಣ ಕಾಯದ, ಚುರುಕು ಕಣ್ಣಿನ ಹೆಂಗಸು. ಖಾಜಾಸಾಬ್ ಮೊದಲ ದಿನವೇ ಆಕೆಯನ್ನು ಮೋರಾಗ್ ಬಾಯಿ ಎಂದು ಕರೆದ, ಅದೇ ನಿಂತಿತು. ನಾವು ಹೋದಾಗ ಆಕೆ ದಫ್ತರಗಳನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಿದ್ದಳು. ಏಪ್ರಿಲ್ ಒಂದಕ್ಕೆ ಆ ಜಿಲ್ಲೆಯೇ ರದ್ದಾಗುವುದಿತ್ತು. ಉತ್ತರದ ಸೀಮೆಗೆಲ್ಲ ಒಂದೇ ಆಡಳಿತ ಬರುವುದು, ಅದರ ಮುಖ್ಯ ಕಚೇರಿ ಇನ್ವರ್ನೆಸ್. ಸಾಯಲು ತಾರೀಖು ಗೊತ್ತಾದ ಕಚೇರಿಗೆ ನಮ್ಮನ್ನು ತರಬೇತಿಗೆ ಕಳಿಸಿದ್ದರು. ನಮ್ಮ ಸರಕಾರವೂ ಅವರ ಸರಕಾರವೂ ಈ ವಿಷಯದಲ್ಲಿ ಬೀಗರು.

ಅವರ ಇಂಗ್ಲಿಷ್ ನನ್ನ ಕಿವಿಗೆ ಹೇಗೆ ಇಳಿಯಿತೋ ಹಾಗೆ, ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಗೋಡೆಯ ಮೇಲೆ ಒಂದು ಹಳೆಯ ನಕಾಶೆ ತೂಗಿತ್ತು. ರಾಸ್ ಎಂಬ ಸೀಮೆಗೆ ಗುಲಾಬಿ ಬಣ್ಣ. ಅದರ ಮೇಲೆ ಅಲ್ಲಲ್ಲಿ, ಸಮುದ್ರದ ಈ ದಂಡೆಯಿಂದ ಆ ದಂಡೆಯವರೆಗೆ, ಹಳದಿ ಚೂರುಗಳು. ಯಾರೋ ಅರಿಷಿಣ ಚೆಲ್ಲಿದ ಹಾಗೆ. ಒಂದಕ್ಕೊಂದು ಸಂಬಂಧವಿಲ್ಲ.

“ಈ ಹಳದಿ ಏನ್ರಿ ಬಾಯಿ?”

“ಅದೆಲ್ಲಾ ಕೂಡಿ ಒಂದೇ ಜಿಲ್ಲಾರಿ. ಕ್ರೋಮಾರ್ಟಿ. ಮುನ್ನೂರು ವರ್ಷದ ಹಿಂದ ಒಬ್ಬ ದೊಡ್ಡ ಜಮೀನ್ದಾರ ಇದ್ದ. ‘ನನ್ನ ಹೊಲ ಎಲ್ಲೆಲ್ಲಿ ಅದಾವೋ ಅವೆಲ್ಲಾ ನನ್ನ ಜಿಲ್ಲಾಕ್ಕೇ ಸೇರಬೇಕು’ ಅಂತ ಮ್ಯಾಲಿನವರ ಕಡಿಂದ ಬರೆಸಿಕೊಂಡು ಬಂದ.”

ನನಗೆ ನಗು ಬಂತು. ನನ್ನೂರು ಆಳಂದ ತಾಲ್ಲೂಕಿನ ಮಟಕಿ. ಆ ಸೀಮೆ ನಿಜಾಮನ ಸರದಾರರಾದ ಪಾಯಗಾ ಮನೆತನದ ಜಹಗೀರಿನದು. ನಾಲ್ಕು ಹರದಾರಿ ನಡೆದರೆ ಮುಲುಕು ಬದಲು, ನಾಣ್ಯ ಬದಲು, ಪೊಲೀಸರ ಟೊಪ್ಪಿಗೆ ಬದಲು. ನಾನು ಹುಟ್ಟಿದ್ದು ಜಹಗೀರಿನಲ್ಲಿ, ಅಕ್ಷರ ಕಲಿತದ್ದು ಹೈದರಾಬಾದ್ ರಾಜ್ಯದಲ್ಲಿ, ನೌಕರಿ ಸೇರಿದ್ದು ಮೈಸೂರು ರಾಜ್ಯದಲ್ಲಿ, ಬಡ್ತಿ ಸಿಕ್ಕಿದ್ದು ಕರ್ನಾಟಕದಲ್ಲಿ. ಇಷ್ಟಕ್ಕೂ ನಮ್ಮ ಮನೆಯ ಕಟ್ಟೆ ಒಂದು ಮೊಳ ಅತ್ತಿತ್ತ ಸರಿದಿಲ್ಲ. ಇದನ್ನು ಹೇಳಿದಾಗ ಮೋರಾಗ್ ಬಾಯಿ ಪೆಟ್ಟಿಗೆ ತುಂಬುವುದನ್ನು ಬಿಟ್ಟು ಕುರ್ಚಿ ಎಳೆದುಕೊಂಡು ಕೂತಳು. ಅವರ ಕತೆಯೂ ಅದೇ. ಆ ಅರಿಷಿಣದ ಜಿಲ್ಲೆ ಇನ್ನೂರು ವರ್ಷ ಹಾಗೇ ಇತ್ತು. ಆಮೇಲೆ, ನೂರು ವರ್ಷದ ಹಿಂದೆ, ಗುಲಾಬಿ ಹಳದಿ ಕೂಡಿಸಿ ರಾಸ್ ಅಂಡ್ ಕ್ರೋಮಾರ್ಟಿ ಎಂದರು. ೧೯೭೫ರಲ್ಲಿ ಹಳೆಯ ಜಿಲ್ಲೆ ತೆಗೆದು, ದೊಡ್ಡದೊಂದು ಪ್ರಾಂತ ಮಾಡಿ, ಅದರ ಕೈಕೆಳಗೆ ಇದನ್ನು ಇಟ್ಟರು. ಪಶ್ಚಿಮದ ಲೂಯಿಸ್ ಎಂಬ ದ್ವೀಪದ ಭಾಗ ಬೇರೆ ಹೋಯಿತು. ಈಗ ಉಳಿದದ್ದೂ ಹೋಗುತ್ತದೆ. ಹೊಸ ಆಡಳಿತದ ಸೀಮೆ ನಮ್ಮ ಗುಲಬರ್ಗಾ ಜಿಲ್ಲೆಗಿಂತ ದೊಡ್ಡದು, ಜನ ಮಾತ್ರ ನಮ್ಮ ಒಂದು ತಾಲ್ಲೂಕಿನಷ್ಟು.

ನಕಾಶೆಯ ತುಂಬ ಊರಿನ ಹೆಸರು ಇದ್ದವು. ಇಷ್ಟು ಹೆಸರಿದ್ದ ಮೇಲೆ ಜನ ಯಾಕೆ ಕಡಿಮೆ ಎಂದು ನಾನು ಒಂದರ ಮೇಲೆ ಬೆರಳಿಟ್ಟೆ. “ಇಲ್ಲಿ ಎಷ್ಟು ಮನಿ?”

“ಯಾರೂ ಇಲ್ರಿ.”

“ಇಲ್ಲಿ?”

“ಯಾರೂ ಇಲ್ಲ.”

“ಇಲ್ಲಿ?”

ಆಕೆ ತಲೆಯಾಡಿಸಿದಳು. ನಾನು ಬೆರಳು ಹಿಂದಕ್ಕೆ ತೆಗೆದುಕೊಂಡೆ. ನಮ್ಮಲ್ಲೂ ಇಂಥ ಊರುಗಳಿವೆ. ಪ್ಲೇಗಿಗೋ ಹೊಳೆಯ ಪೂರಕ್ಕೋ ಬರಿದಾದವು. ಪಹಣಿ ಇರುತ್ತದೆ, ಸರ್ವೆ ನಂಬರು ಇರುತ್ತದೆ, ಗಡಿಕಲ್ಲು ಇರುತ್ತದೆ, ಮನುಷ್ಯರಿರುವುದಿಲ್ಲ. ದಫ್ತರದಲ್ಲಿ ಬೇಚರಾಕ್ ಗ್ರಾಮ ಎಂದು ಬರೆಯುತ್ತೇವೆ. ಅದು ದೀಪವಿಲ್ಲದ ಊರು ಎಂಬ ಅರ್ಥದ ಹಳೆಯ ಮಾತು ಎಂದು ಖಾಜಾಸಾಬ್ ಆಕೆಗೆ ವಿವರಿಸಿದ. ನಮ್ಮ ತಾಲ್ಲೂಕಿನಲ್ಲಿ ಅಂಥವು ಕೆಲವು. ಇಲ್ಲಿ ಗೋಡೆಗೆ ಗೋಡೆಯೇ ಅಂಥ ಊರು. ಎರಡು ಶತಮಾನದ ಹಿಂದಿನಿಂದ ಜಮೀನ್ದಾರರಿಗೆ ಕುರಿ ಬೇಕಾದವು, ಒಕ್ಕಲು ಬೇಡವಾದರು. ಮನೆಯ ಸೂರು ಇಳಿಸಿ ಜನರನ್ನು ಹಡಗು ಹತ್ತಿಸಿದರು.

“ಇದರಾಗ ಒಂದು ಊರು ನಿಮಗ ತೋರಿಸ್ತೇನಿ,” ಅಂದಳು ಮೋರಾಗ್ ಬಾಯಿ. “ಅಲ್ಲಿ ಇನ್ನೂ ಒಬ್ಬ ಮನುಷ್ಯ ಇದ್ದಾನ. ಈ ತಿಂಗಳ ಮಟ್ಟ ಅಷ್ಟ.”

ಉಲ್ಲಪೂಲ್ ದಾಟಿ

ಆಕೆಯ ಕಾರಿನಲ್ಲಿ ಪಶ್ಚಿಮದ ಸಮುದ್ರದ ಕಡೆಗೆ ಹೊರಟೆವು. ಉಲ್ಲಪೂಲ್ ಎಂಬ ಮೀನುಗಾರರ ಊರು ದಾಟಿದ ಮೇಲೆ ರಸ್ತೆ ಒಂದೇ ಗಾಡಿಯ ಅಗಲಕ್ಕೆ ಇಳಿಯಿತು. ಎದುರು ಗಾಡಿ ಬಂದರೆ ಒಬ್ಬರು ಪಕ್ಕಕ್ಕೆ ನಿಂತು ದಾರಿ ಬಿಡುತ್ತಾರೆ, ಮತ್ತೊಬ್ಬರು ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ನಮ್ಮ ಕಡೆಯ ದಾರಿಗಳಲ್ಲಿ ಕಬ್ಬಿನ ಲಾರಿಗಳ ನಡುವೆ ಓಡಾಡಿದ ನಮಗೆ ಇದು ಕನಸಿನಂತಿತ್ತು. ಖಾಜಾಸಾಬ್ ಪ್ರತಿ ಗಾಡಿಗೂ ಕೈಯೆತ್ತಿ ಪೂರ್ತಿ ಸಲಾಮು ಹೊಡೆದ. ಆಮೇಲೆ ಗಾಡಿಗಳೇ ಬರಲಿಲ್ಲ.

ನಮ್ಮ ಬಯಲಿನಲ್ಲಿ ಎಷ್ಟು ಖಾಲಿ ಜಾಗದಲ್ಲಿ ನಿಂತರೂ ಒಂದು ನಾಯಿ ಬೊಗಳುವುದು ಕೇಳುತ್ತದೆ, ಎಲ್ಲೋ ಪಂಪ್‌ಸೆಟ್ಟಿನ ಸದ್ದು ಇರುತ್ತದೆ. ಇಲ್ಲಿ ಕಾರು ನಿಲ್ಲಿಸಿ ಇಳಿದಾಗ ನನ್ನ ಕಿವಿಯೊಳಗಿನ ರಕ್ತದ ಸದ್ದೇ ನನಗೆ ಕೇಳಿತು. ಎರಡು ಬೆಟ್ಟ, ನಡುವೆ ಹೊಳೆ. ಹೊಳೆಯ ಈಚೆ ಹೊಗೆಯಾಡುವ ಒಂದು ಮನೆ. ಆಚೆ, ಒಂದು ದಿಬ್ಬದ ಹಿಂದೆ, ಸೂರಿಲ್ಲದ ಕಲ್ಲಿನ ಮನೆಗಳು. ಅವುಗಳಿಂದ ದೂರ, ಬೆಟ್ಟದ ಮೇಲ್ಗಡೆ, ಒಂಟಿಯಾಗಿ ಇನ್ನೊಂದು. ಊರಿನ ಹೆಸರು ಹೇಳಲು ಮೂರು ಸಲ ಪ್ರಯತ್ನಿಸಿದೆ, ಮೋರಾಗ್ ಬಾಯಿ ಮೂರು ಸಲವೂ ತಲೆಯಾಡಿಸಿದಳು, ಬಿಟ್ಟೆ.

ಈಚೆಯ ಮನೆಯವನು ಮರ್ಡೋ. ಎಂಬತ್ತು ದಾಟಿದ ಉದ್ದನೆಯ ಮುದುಕ. ನಮ್ಮ ಕಡೆ ಅಜ್ಜನನ್ನು ಕರೆಯುವ ಹಾಗೆ ನಾನು ಮುತ್ಯಾ ಎಂದೆ, ಅರ್ಥ ಕೇಳಿ ತಿಳಿದುಕೊಂಡು ಒಪ್ಪಿದರು. ಇಂಗ್ಲಿಷ್ ಅವರಿಗೂ ಶಾಲೆಯಲ್ಲಿ ಕಲಿತ ಭಾಷೆ. ಮನೆ ಮಾತು ಗೇಲಿಕ್. ಹಾಗಾಗಿ ಇಬ್ಬರೂ ಶಬ್ದ ಹುಡುಕಿ ಹುಡುಕಿ ನಿಧಾನ ಮಾತಾಡಿದೆವು, ಚೆನ್ನಾಗಿ ತಿಳಿಯಿತು.

“ನಾ ಇದೇ ಮನ್ಯಾಗ ಹುಟ್ಟೇನಿ, ಇದೇ ಮನ್ಯಾಗ ಕೂತೇನಿ. ಕಚೇರಿಗೋಳೇ ಅಡ್ಡಾಡಾಕತ್ತಾವ,” ಅಂದರು ಮುತ್ಯಾ.

ಹೋದ ಚಳಿಗಾಲದಲ್ಲಿ ಅವರು ಹಿತ್ತಲಲ್ಲಿ ಬಿದ್ದು ಒಂದೂವರೆ ದಿನ ಹಾಗೇ ಇದ್ದರಂತೆ. ಟಪಾಲಿನವನು ಬರದಿದ್ದರೆ ಮುಗಿದೇ ಹೋಗುತ್ತಿತ್ತು. ಇನ್ನೊಂದು ಚಳಿಗಾಲ ಒಬ್ಬರೇ ಕಳೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಡಿಂಗ್ವಾಲಿನ ವೃದ್ಧರ ಮನೆಯಲ್ಲಿ ಕೋಣೆ ಸಿಕ್ಕಿತ್ತು. ಮುತ್ಯಾ ಎರಡು ವರ್ಷ ಒಲ್ಲೆನೆಂದು, ಕೊನೆಗೆ ಒಪ್ಪಿದ್ದರು. ಆ ದಿನ ಸಹಿ ಹಾಕಿಸಿಕೊಳ್ಳಲೆಂದೇ ಮೋರಾಗ್ ಬಾಯಿ ಬಂದದ್ದು. ಆಕೆ ಅವರ ತಂಗಿಯ ಮಗಳು ಎಂಬುದು ನನಗೆ ಆಗ ಗೊತ್ತಾಯಿತು.

“ಆಕಡಿ ದಂಡಿಗೆ ನಮ್ಮ ಮಂದಿ ಇದ್ದರು,” ಅಂದರು ಮುತ್ಯಾ, ಅಡುಗೆಮನೆಯ ಕಿಟಕಿಯತ್ತ ಗದ್ದ ಎತ್ತಿ. “ಎಂಬತ್ತು ವರ್ಷ ಇಲ್ಲಿಂದ ನೋಡೇನಿ. ಒಂದಿನಾನೂ ಒಂದು ದೀಪ ಕಾಣಲಿಲ್ಲ. ಇನ್ನ ಯಾರ ಸಲುವಾಗಿ ಕೂಡ್ಲಿ?”

ಹೊಳೆಯ ಆಚೆ

ಅವರಿಬ್ಬರನ್ನೂ ಕಾಗದದ ಜೊತೆ ಬಿಟ್ಟು ನಾವು ಹಲಗೆ ಸೇತುವೆ ದಾಟಿದೆವು. ಊರನ್ನು ಅಳೆದು ಟಿಪ್ಪಣ ಬರೆಯುವುದು ನಮ್ಮ ತರಬೇತಿಯ ಪಾಠ. ದಿಬ್ಬದ ಹಿಂದೆ ಹತ್ತು ಮನೆ. ಗೋಡೆಗಳು ಎದೆಮಟ್ಟ ನಿಂತಿದ್ದವು. ಬಾಗಿಲ ತೋಳು, ಒಲೆಯ ಗೂಡು, ಹೊಸ್ತಿಲ ಕಲ್ಲು, ಎಲ್ಲ ಇದ್ದಲ್ಲೇ. ಒಂದೊಂದು ಮನೆಯೊಳಗೂ ನಾಲ್ಕೈದು ಕುರಿ ನಿಂತಿದ್ದವು, ಮನೆಯವರಂತೆ.

ಖಾಜಾಸಾಬ್ ಟೇಪು ಬಿಚ್ಚಲೇ ಇಲ್ಲ.

“ಸಾಹೇಬ್ರ, ದೀಪ ಹಚ್ಚಬೇಕ್ರಿ.”

ನಮ್ಮ ಕಡೆ ಬೇಚರಾಕ್ ಊರು ಅಳೆಯುವಾಗ ಸರಪಳಿ ಹಿಡಿಯುವ ಆಳುಗಳು ಒಂದು ದೀಪ ಹಚ್ಚಿ, ಊರಿನವರನ್ನು ಕೂಗಿ ಕೇಳಿಕೊಂಡ ಹೊರತು ಕೆಲಸ ಮುಟ್ಟುವುದಿಲ್ಲ. ನಾನು ಮೂವತ್ತೊಂದು ವರ್ಷ ಅದನ್ನು ನಗುತ್ತಲೇ ಸಹಿಸಿದವನು.

“ಇಲ್ಲಿಯವರಿಗೆ ನಿನ್ನ ಕನ್ನಡ ತಿಳೀತದೇನಲೇ?”

“ದೀಪ ತಿಳೀತದ್ರಿ.”

ವಾದ ಮಾಡಿದರೆ ಬೆಳಕು ಹೋಗುತ್ತದೆ ಎಂದು ಸುಮ್ಮನಾದೆ. ಬುತ್ತಿಯ ಬ್ರೆಡ್ಡನ್ನು ಹಿಸುಕಿ ಅವನು ಹಣತೆ ಮಾಡಿದ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿತ್ತು. ಬೆರಳಿನಿಂದ ಕೆರೆದು ತುಂಬಿದ. ನನ್ನ ಕರವಸ್ತ್ರದ ಅಂಚು ಹರಿದು ಬತ್ತಿ ಹೊಸೆದ. ಹೊಳೆಗೆ ಹತ್ತಿರದ ಮನೆಯ ಒಲೆಗೂಡಿನಲ್ಲಿ ಇಟ್ಟು ಹಚ್ಚಿ, ಹೊರಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

“ಊರವ್ರೇ! ಅಳತಿಗೆ ಬಂದೇವ್ರಿ! ಸಿಟ್ಟಾಗಬ್ಯಾಡ್ರಿ!”

ಕೂಗು ಎರಡು ಬೆಟ್ಟಕ್ಕೂ ತಾಗಿ ತಿರುಗಿ ಬಂತು. ಆಗ ಮನೆಗಳೊಳಗಿನ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಕೂಗಿದ ಖಾಜಾಸಾಬ್‌ನತ್ತ ಒಂದೂ ನೋಡಲಿಲ್ಲ. ಎಲ್ಲವೂ ಮೇಲ್ಗಡೆಯ ಆ ಒಂಟಿ ಮನೆಯತ್ತ ನೋಡುತ್ತ ನಿಂತವು. ಗಾಳಿ ಆ ಕಡೆಯಿಂದ ಬೀಸುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕೆಲಸ ಶುರುವಾಯಿತು. ಐದನೆಯ ಮನೆಯ ಹೊರಗೋಡೆ ಅಳೆಯುವಾಗ ಖಾಜಾಸಾಬ್ ಟೇಪಿನ ತುದಿ ಹಿಡಿದು ಮೂಲೆ ತಿರುಗಿ ಹೋದ. ಟೇಪು ಬಿಗಿಯಾಯಿತು. ನಾನು ಓದಿ ಬರೆದುಕೊಂಡೆ. “ಬಿಡು” ಎಂದೆ. ಬಿಡಲಿಲ್ಲ. ಮತ್ತೊಮ್ಮೆ ಎಳೆದೆ. ಆ ತುದಿಯಿಂದ ಯಾರೋ ಮೆಲ್ಲಗೆ, ಅಳತೆ ಸರಿಯಾಗಲೆಂದು ಹಿಡಿಯುವ ಹಾಗೆ, ನೇರ ಹಿಡಿದಿದ್ದರು.

“ಬಿಡಲೇ ಖಾಜಾ!”

“ಏನ್ರಿ ಸಾಹೇಬ್ರ?” ಎಂದು ಅವನು ನನ್ನ ಬೆನ್ನ ಹಿಂದಿನಿಂದ ಕೇಳಿದ. ಟೇಪನ್ನು ಕಲ್ಲಿಗೆ ಸಿಗಿಸಿ, ಪೆನ್ಸಿಲ್ ತರಲು ಮನೆಯನ್ನು ಸುತ್ತಿಕೊಂಡು ಬಂದಿದ್ದನಂತೆ. ನನ್ನ ಕೈಯಲ್ಲಿ ಟೇಪು ತಟ್ಟನೆ ಸಡಿಲಾಯಿತು. ಮೂಲೆ ತಿರುಗಿ ನೋಡಿದೆವು. ತುದಿ ಹುಲ್ಲಿನ ಮೇಲೆ ಬಿದ್ದಿತ್ತು. ಅಲ್ಲಿ ಸಿಗಿಸುವಂಥ ಕಲ್ಲು ಇತ್ತು, ಅದನ್ನೂ ಹೇಳಬೇಕು. ಆದರೆ ನನಗೆ ಹೆದರಿಕೆಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಹತ್ತು ಮನೆ ಮುಗಿಯುವ ಹೊತ್ತಿಗೆ ಬೆಳಕು ಇಳಿದಿತ್ತು, ಮಂಜು ಕವಿದಿತ್ತು. ಮೇಲಿನ ಮನೆಯ ಸುತ್ತ ಮೂರು ದಿನದ ಹಿಂದೆ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಅದನ್ನು ನಾಳೆ ಅಳೆಯೋಣ ಎಂದು ದೀಪವನ್ನು ಉರಿಯಲು ಬಿಟ್ಟು ವಾಪಸು ಹೊರಟೆವು.

ಅಡುಗೆಮನೆಯ ಕಿಟಕಿ

ಬಾಗಿಲು ತೆಗೆದಾಗ ಮುತ್ಯಾ ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದರು. ಕಣ್ಣಲ್ಲಿ ನೀರು. ಮೇಜಿನ ಮೇಲೆ ಕಾಗದ ಇತ್ತು, ಸಹಿ ಇರಲಿಲ್ಲ.

“ಬಂದಾರ,” ಅಂದರು ನಮ್ಮನ್ನು ನೋಡಿ. “ದೀಪ ಹತ್ತೇದ. ಈಗರ ನೋಡಿದೆ. ನಾ ಎಲ್ಲಿಗೂ ಹೋಗಾಂಗಿಲ್ಲ.”

ಮೋರಾಗ್ ಬಾಯಿ ಒಲೆಯ ಕಡೆ ತಿರುಗಿ ಚಹಾ ಮಾಡುತ್ತಿದ್ದಳಂತೆ, ಏನೂ ನೋಡಿರಲಿಲ್ಲ. ಖಾಜಾಸಾಬ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಆ ಮುದುಕನ ಮುಖದ ಸಂತೋಷದ ಎದುರು ‘ಅದು ನಮ್ಮ ಬ್ರೆಡ್ಡಿನ ದೀಪ’ ಎಂದು ಹೇಳಲು ನಾಲಿಗೆ ಏಳಲಿಲ್ಲ.

ದಾರಿಯಲ್ಲಿ ಕಾರಿನೊಳಗೆ ಹೇಳಿದೆ. ಮೋರಾಗ್ ಬಾಯಿ ಗಾಡಿ ನಿಲ್ಲಿಸಿಬಿಟ್ಟಳು. ಬಯ್ಯುತ್ತಾಳೆ ಎಂದುಕೊಂಡೆ. ಆಕೆ ಸ್ಟೀರಿಂಗ್ ಚಕ್ರದ ಮೇಲೆ ಹಣೆಯಿಟ್ಟಳು.

“ಎರಡು ವರ್ಷ ಹಿಡೀತ್ರಿ ನನಗ, ಆತನ್ನ ಒಪ್ಪಿಸಾಕ. ಮುಂದಿನ ಥಂಡ್ಯಾಗ ಆತ ಆ ಹಿತ್ತಲದಾಗ ಒಬ್ಬನ ಸತ್ತು ಬಿದ್ದಿರ್ತಾನ, ನಾನ ಹೋಗಿ ಎತ್ತಬೇಕು. ನಾಳೆ ನೀವ ಹೇಳ್ರಿ. ಹಚ್ಚಿದವರು ನೀವು.”

ಆಯಿತು ಎಂದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ

ಬೆಳಿಗ್ಗೆ ಹತ್ತಕ್ಕೆ ಮುತ್ಯಾನ ಮೇಜಿನ ಎದುರು ಕೂತು ಎಲ್ಲ ಒಪ್ಪಿಸಿದೆ. ಬೇಚರಾಕ್ ಊರು, ನಮ್ಮ ಆಳುಗಳ ಪದ್ಧತಿ, ಬ್ರೆಡ್ಡು, ಕೊಬ್ಬರಿ ಎಣ್ಣೆ. ಅವರು ಸಿಟ್ಟಾಗಲಿಲ್ಲ. ತಲೆಯಾಡಿಸುತ್ತ ಕೇಳಿ, ಒಂದೇ ಪ್ರಶ್ನೆ ಹಾಕಿದರು.

“ಯಾವ ಮನ್ಯಾಗ ಹಚ್ಚಿದ್ರಿ?”

“ಹೊಳಿ ದಂಡಿ ಮನ್ಯಾಗ್ರಿ.”

“ನಾ ನೋಡಿದ್ದು ಮ್ಯಾಲಿನ ಮನ್ಯಾಗ.”

ಮೋರಾಗ್ ಬಾಯಿ ಒಲೆಯ ಹತ್ತಿರ ಕೈ ಒರೆಸಿಕೊಳ್ಳುತ್ತಿದ್ದವಳು ನಿಂತಳು. ಮುತ್ಯಾ ಎದ್ದು ನನ್ನ ಭುಜದ ಮೇಲೆ ಕೈಯಿಟ್ಟರು. ಆ ಕೈಯ ಭಾರ ಈಗಲೂ ನೆನಪಿದೆ.

“ನೀವು ಅಳತಿ ಮಾಡವರು. ನನ್ನ ಕಣ್ಣು ಮೊದಲಿನಂಗಿಲ್ಲ. ಬೆಳಕು ತಿಳೀತದ, ಬ್ಯಾರೆ ಏನೂ ತಿಳಿಯಂಗಿಲ್ಲ. ಇಲ್ಲೇ ನಿಮ್ಮ ಹಲಗಿ ಹೂಡ್ರಿ. ನನ್ನ ಕಿಟಕ್ಯಾಗಿಂದ ನಿಮ್ಮ ದೀಪ ಕಾಣ್ತಿತ್ತೋ ಇಲ್ಲೋ ನೋಡಿ ಹೇಳ್ರಿ. ನಿಮ್ಮ ದೀಪ ಆಗಿದ್ರ ನಾ ಮುದುಕ, ಹುಚ್ಚ, ಹೋಗ್ತೇನಿ. ಅಲ್ಲಂದ್ರ ನನ್ನ ಇಲ್ಲೇ ಬಿಡ್ರಿ.”

ಕಾರಿನಲ್ಲಿದ್ದ ಪ್ಲೇನ್ ಟೇಬಲ್ಲನ್ನು, ಅಂದರೆ ಮುಕ್ಕಾಲಿಯ ಮೇಲೆ ಕೂರುವ ಅಳತೆ ಹಲಗೆಯನ್ನು, ತಂದು ಕಿಟಕಿಗೆ ತಾಗಿಸಿ ಹೂಡಿದೆ. ಖಾಜಾಸಾಬ್ ಕೆಂಪು ನಿಶಾನೆ ಕಟ್ಟಿದ ಕೋಲು ಹಿಡಿದು ಹೊಳೆ ದಾಟಿದ. ದೀಪ ಇಟ್ಟಿದ್ದ ಒಲೆಗೂಡಿನ ಮೇಲೆ ಕೋಲು ಎತ್ತಿ ಹಿಡಿಯಬೇಕು, ಆಮೇಲೆ ಮೇಲಿನ ಮನೆಗೆ ಹೋಗಿ ಎತ್ತಿ ಹಿಡಿಯಬೇಕು ಎಂದು ಹೇಳಿ ಕಳಿಸಿದ್ದೆ. ಹಲಗೆಯ ಮೇಲಿನ ನೋಟದ ಪಟ್ಟಿಗೆ ಕಣ್ಣು ಹಚ್ಚಿದೆ. ದಿಬ್ಬದ ಹಿಂದೆ ಹೋದವನು ಕಾಣೆಯಾದ. ಕಾದೆ. ಅವನ ಕೂಗು ಕೇಳಿತು, “ಹಿಡಿದೇನ್ರಿ!” ನಿಶಾನೆ ಕಾಣಲಿಲ್ಲ. ದಿಬ್ಬ ಪೂರ್ತಿ ಅಡ್ಡ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಹಿಡಿದರೂ ಕಾಣುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬೆಟ್ಟದ ಮೇಲ್ಗಡೆ ಕಾಣಿಸಿದ. ಮೇಲಿನ ಮನೆಯ ಬಾಗಿಲಲ್ಲಿ ನಿಶಾನೆ ಎದ್ದಿತು. ಕಿಟಕಿಯಿಂದ ಅಲ್ಲಿಗೆ ದಾರ ಕಟ್ಟಿದಷ್ಟು ನೇರ.

ಅವನು ಬೇಗ ವಾಪಸು ಬಂದ. ಹೊಸ್ತಿಲಲ್ಲೇ ನಿಂತು ನನ್ನ ಕಿವಿಯ ಹತ್ತಿರ ನಮ್ಮ ಮಾತಿನಲ್ಲಿ ಹೇಳಿದ.

“ಸಾಹೇಬ್ರ, ಆ ಮನಿ ಸುತ್ತ ಹಿಮದ ಮ್ಯಾಲ ಒಂದೂ ಹೆಜ್ಜಿ ಇದ್ದಿಲ್ರಿ. ಈಗ ನನ್ನವಷ್ಟ ಅದಾವ.”

ಹಾಗಾದರೆ ಕುರುಬನ ಬ್ಯಾಟರಿಯೂ ಅಲ್ಲ, ಬೇಟೆಗಾರನ ಲಾಟೀನೂ ಅಲ್ಲ. ಮುತ್ಯಾ ನನ್ನ ಮುಖದತ್ತ ಮುಖ ಮಾಡಿ ಕಾಯುತ್ತಿದ್ದರು. ಅವರ ಹಿಂದೆ ಮೋರಾಗ್ ಬಾಯಿ, ಕೈಯಲ್ಲಿ ಟವೆಲ್ಲು. ಹಿತ್ತಲ ಬಾಗಿಲು ತೆರೆದಿತ್ತು. ಅವರು ಬಿದ್ದಿದ್ದ ಜಾಗ ನನಗೆ ಅಲ್ಲಿಂದ ಕಾಣುತ್ತಿತ್ತು.

ಹೊಲದ ಬದುವಿನ ಜಗಳದಲ್ಲಿ ನನ್ನ ತಲೆಗೆ ಕೊಡಲಿ ಎತ್ತಿದವರಿದ್ದಾರೆ. ಆಗಲೂ ಒಂದು ಗೇಣು ಗೆರೆ ಸರಿಸಿದವನಲ್ಲ ನಾನು. ಊರಲ್ಲಿ ನನಗಿರುವುದು ಅದೊಂದೇ ಹೆಸರು. ಕಾಗದದ ಮೇಲೆ ಪಟ್ಟಿಯಿಟ್ಟು, ಕಿಟಕಿಯಿಂದ ಹೊಳೆದಂಡೆಯ ಮನೆಗೆ, ದಿಬ್ಬವನ್ನು ಸೀಳಿಕೊಂಡು, ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ.

“ಕಾಣ್ತದ್ರಿ ಮುತ್ಯಾ. ಗೆರಿ ನೇರ ನಮ್ಮ ದೀಪಕ್ಕ ಹೋಗ್ತದ. ಮಂಜಿನ್ಯಾಗ ಬೆಳಕು ಎದ್ದು ಮ್ಯಾಲ ಇದ್ದಂಗ ಕಾಣ್ತದ, ಅಷ್ಟ.”

ಅವರು ಕಾಗದದ ಮೇಲೆ ಬೆರಳಾಡಿಸಿ ಗೆರೆಯನ್ನು ಹುಡುಕಿದರು. ಪೆನ್ಸಿಲಿನ ಗೆರೆ ಬೆರಳಿಗೆ ಸಿಗುತ್ತದೆಯೇ? ಆದರೂ ಬಹಳ ಹೊತ್ತು ಹುಡುಕಿದರು. ಆಮೇಲೆ “ನಿಮ್ಮ ಮ್ಯಾಲ ಭರೋಸಾ ಅದ” ಎಂದು ಪೆನ್ನು ಕೇಳಿದರು. ಮೋರಾಗ್ ಬಾಯಿ ಮುಖ ತಿರುಗಿಸಿಕೊಂಡಳು. ಖಾಜಾಸಾಬ್ ನನ್ನ ಜೊತೆ ಆ ಸಂಜೆಯವರೆಗೆ ಮಾತಾಡಲಿಲ್ಲ. ಮೇಲಿನ ಮನೆಯನ್ನು ನಾವು ಅಳೆಯಲೂ ಇಲ್ಲ.

ಶುಕ್ರವಾರ

ಆ ವಾರದ ಕೊನೆಗೆ ಮುತ್ಯಾನನ್ನು ಕರೆತರಲು ಮೋರಾಗ್ ಬಾಯಿ ನಮ್ಮನ್ನೂ ಕರೆದಳು. ಸಾಮಾನು ಹೊರಲು ಕೈ ಬೇಕಿತ್ತು. ಸಾಮಾನು ಎಂದರೆ ಎರಡು ಪೆಟ್ಟಿಗೆ, ಒಂದು ಗಡಿಯಾರ, ಒಂದು ಆರಾಮಕುರ್ಚಿ. ನಮ್ಮ ಮನೆಯಿಂದ ನಾಲ್ಕು ದಿನ ಬೀಗರ ಊರಿಗೆ ಹೊರಟರೂ ಇದಕ್ಕಿಂತ ಹೆಚ್ಚು ಗಂಟು ಇರುತ್ತದೆ. ಬಾಗಿಲಿಗೆ ಕೀಲಿ ಎಲ್ಲಿ ಎಂದು ಕೇಳಿದೆ. ಎಂದೂ ಇರಲೇ ಇಲ್ಲವಂತೆ.

ಮಂಜಿನಿಂದ ತಡವಾಗಿ, ಹೊರಡುವಾಗ ಹೊತ್ತು ಮುಳುಗುತ್ತಿತ್ತು. ಮುತ್ಯಾ ಒಲೆಯ ಕೆಂಡವನ್ನು ತಾವೇ ಸಲಿಕೆಯಲ್ಲಿ ಎತ್ತಿ ಹೊರಗೆ ತಂದು ಒದ್ದೆ ನೆಲದ ಮೇಲೆ ಹಾಕಿದರು. ಅದು ಚುಯ್ ಎನ್ನುವಷ್ಟು ಹೊತ್ತು ನಿಂತು ನೋಡಿದರು. ಆಮೇಲೆ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ಎದುರಿನ ಗಾಜನ್ನೇ ನೋಡತೊಡಗಿದರು. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ಒಂದು ಜೀವ ಉಳಿಯಿತಲ್ಲ. ಅನ್ನಿಸಲಿಲ್ಲ.

ಕಾರು ಏರು ಹತ್ತಿ ತಿರುವಿಗೆ ಬಂದಾಗ ಹಿಂದಿನ ಗಾಜಿನಲ್ಲಿ ಇಡೀ ಕಣಿವೆ ಕಂಡಿತು. ಹೊಳೆ, ಹೊಗೆಯಿಲ್ಲದ ಮನೆ, ದಿಬ್ಬ. ಅದರ ಮೇಲ್ಗಡೆ, ಒಂಟಿ ಮನೆಯ ಬಾಗಿಲಲ್ಲಿ, ದೀಪ ಉರಿಯುತ್ತಿತ್ತು. ಹಳದಿಯಾಗಿ, ಅಲುಗದೆ. ಖಾಜಾಸಾಬ್‌ನ ಬೆರಳು ನನ್ನ ಮಣಿಕಟ್ಟನ್ನು ಹಿಡಿದವು, ಉಗುರು ಒತ್ತುವಷ್ಟು. ಅವನೂ ನೋಡಿದ್ದ. ನಾವು ನೋಡುತ್ತಿರುವಾಗಲೇ ದಿಬ್ಬದ ಹಿಂದಿನ ಮನೆಗಳಲ್ಲಿ ಇನ್ನೊಂದು ಹತ್ತಿತು. ಆಮೇಲೆ ಮತ್ತೊಂದು.

ನಾವಿಬ್ಬರೂ ಉಸಿರು ಬಿಡದೆ ಕೂತದ್ದು ಮುಂದಿನವರಿಗೆ ಹೇಗೆ ತಿಳಿಯಿತೋ.

“ಹಿಂದ ಏನರ ಕಾಣ್ತದೇನ್ರಿ?” ಎಂದು ಮುತ್ಯಾ ಕೇಳಿದರು.

ಮೋರಾಗ್ ಬಾಯಿಯ ಕಣ್ಣು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿತ್ತು.

“ಏನೂ ಇಲ್ರಿ ಮುತ್ಯಾ.”

“ಹಂಗಾದ್ರ ಸರಿ,” ಎಂದರು ಅವರು. ತಿರುಗಿ ನೋಡಲಿಲ್ಲ.